ಬಂದೂಕು ಆಳಿಗೆ ಹೊಂದಬೇಕು

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಹೆಸರುಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತದ ಧಾರಣೆ, ಹಟ್ಟಿಯ ಚಿನ್ನ ಇವುಗಳ ಪ್ರಸ್ತಾಪದಲ್ಲಿಯೇ. ಬಂದೂಕಿನ ಗುರಿಯ ಮಾತಿನಲ್ಲಿ ಈ ಊರುಗಳನ್ನು ಸ್ಮರಿಸಿದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಈ ಸೀಮೆಯಿಂದ ಎನ್.ಸಿ.ಸಿ.ಗೂ, ಪೋಲೀಸು ಇಲಾಖೆಗೂ, ಸೈನ್ಯಕ್ಕೂ ಸೇರಬಯಸುವ ತರುಣ ತರುಣಿಯರು ಒಬ್ಬಿಬ್ಬರಲ್ಲ. ಅವರೆಲ್ಲರೂ ಒಂದಲ್ಲ ಒಂದು ದಿನ ಬಂದೂಕನ್ನು ಹೆಗಲಿಗೇರಿಸಿ ಗುರಿಹಲಗೆಯ ಮುಂದೆ ಮಲಗಬೇಕಾಗುವುದು. ಅಂದು ಗುಂಡು ಗುರಿ ತಪ್ಪಿದರೆ “ಇವನಿಗೆ ಗುರಿಯಿಲ್ಲ”, “ಇವಳ ಕೈ ನಡುಗುತ್ತದೆ” ಎಂಬ ತೀರ್ಪು ಕೂಡಲೆ ಹೊರಬೀಳುವುದು. ತಪ್ಪು ಆ ಕೈಯದೊ, ಆ ಕೈಗೆ ಕೊಟ್ಟ ಬಂದೂಕಿನದೊ ಎಂದು ವಿಚಾರಿಸುವವರು ವಿರಳ. ಈ ವಿಚಾರಣೆಯು ಎಲ್ಲಕ್ಕೂ ಮೊದಲು ನಡೆಯತಕ್ಕದ್ದೆಂಬುದೇ ನಮ್ಮ ಇಂದಿನ ಬಿನ್ನಹ.

ಬಂದೂಕಿಗೂ ಈ ನಾಡಿಗೂ ನಂಟು ಹೊಸದಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿಯೇ 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದನು. ಕೋಟೆಯ ಮೇಲಿದ್ದ ಕಾವಲಿನವರನ್ನು ಪೋರ್ಚುಗೀಸ್ ಬಂದೂಕುಗಾರರು ಗುರಿಯಿಟ್ಟು ಕೆಡಹಿದುದರಿಂದ ಗೋಡೆ ಕೀಳುವವರಿಗೆ ದಾರಿಯಾಯಿತೆಂದು ನೂನಿಜನ ವೃತ್ತಾಂತದಿಂದ ತಿಳಿದುಬರುತ್ತದೆ. ಮುಂದೆ ಪರರಾಜ್ಯ ಬಂದಿತು. ಆಯುಧವು ಪ್ರಜೆಯ ಕೈಯಿಂದ ಕಳಚಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿದುದಕ್ಕಾಗಿ ಮುಧೋಳ ಸೀಮೆಯ ಹಲಗಲಿಯು ಸುಟ್ಟು ಬೂದಿಯಾದುದನ್ನು ಕನ್ನಡಿಗರು ಮರೆತಿಲ್ಲ. 1878ರ ಆಯುಧ ಕಾಯಿದೆಯು ಬ್ರಿಟಿಷ್ ಭಾರತದ ಪ್ರಜೆಯನ್ನು ಬರಿಗೈಯಲ್ಲಿ ನಿಲ್ಲಿಸಿತು. ಅದನ್ನು ಸಡಿಲಿಸಬೇಕೆಂದು ಕಾಂಗ್ರೆಸ್ಸು ತನ್ನ ಆರಂಭದ ವರ್ಷಗಳಿಂದಲೂ ನಿರ್ಣಯಿಸುತ್ತ ಬಂದಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಎನ್.ಸಿ.ಸಿ. ಕಾಯಿದೆಯಾಯಿತು, ಮರುವರ್ಷ ಬಾಲಿಕೆಯರ ವಿಭಾಗವೂ ಹುಟ್ಟಿತು. ಸಾಮಾನ್ಯರ ಮಕ್ಕಳು ನಿರ್ಭಯವಾಗಿ, ಶಿಸ್ತಿನಿಂದ ಬಂದೂಕು ಹಿಡಿಯುವ ಬಾಗಿಲು ಹೀಗೆ ತೆರೆಯಿತು. ತೆರೆದ ಬಾಗಿಲು ಒಂದೇ ಎತ್ತರದವರಿಗೆ ಮಾತ್ರ ಅನುಕೂಲವಾಗಿದ್ದರೆ ಅದರ ಉದ್ದೇಶವು ಅರ್ಧವಷ್ಟೇ ಈಡೇರಿದಂತೆ.

ಬಂದೂಕಿನ ಹಿಂಭಾಗದ ಮರವನ್ನು, ಎಂದರೆ ಸಿಪಾಯಿಗಳು ‘ಬಟ್ಟು’ ಎಂದು ಕರೆಯುವ ಭಾಗವನ್ನು, ಅನೇಕರು ಕೇವಲ ಹಿಡಿಯೆಂದು ಭಾವಿಸುತ್ತಾರೆ. ವಾಸ್ತವವಾಗಿ ನಳಿಗೆಯನ್ನೂ ಕಣ್ಣನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವ ಸಾಧನವೇ ಅದು. ಅದರ ತುದಿಯಿಂದ ಕುದುರೆಯವರೆಗಿನ ಉದ್ದ ಮೊದಲನೆಯ ಅಳತೆ. ಈ ಉದ್ದ ಹೆಚ್ಚಾದರೆ ಗಿಡ್ಡನೆಯ ಹುಡುಗನು ಕುದುರೆಯನ್ನು ಮುಟ್ಟಲು ಕೈಚಾಚಿ, ಬೆರಳ ತುದಿಯಿಂದ ಅದನ್ನು ಪಕ್ಕಕ್ಕೆಳೆಯುವನು; ಬಟ್ಟು ಹೆಗಲ ಗುಳಿಯಲ್ಲಿ ಕೂಡದೆ ತೋಳಿನ ಮೇಲೆ ಜಾರುವುದು. ಕಡಮೆಯಾದರೆ ಉದ್ದನೆಯ ಆಳಿನ ಹೆಬ್ಬೆರಳು ಒದೆತಕ್ಕೆ ಮೂಗಿಗೆ ಬಡಿಯುವುದು. ಕೆನ್ನೆಯನ್ನಿಡುವ ಅಂಚಿನ ಎತ್ತರ ಎರಡನೆಯ ಅಳತೆ. ಅದು ತಗ್ಗಾಗಿದ್ದರೆ ಕೆನ್ನೆಗೆ ಆಸರೆಯಿಲ್ಲದೆ ತಲೆ ತೂಗಾಡುವುದು. ಎತ್ತರವಾಗಿದ್ದರೆ ಕಣ್ಣು ಗುರಿಕಂಡಿಗಿಂತ ಮೇಲೆ ನಿಲ್ಲುವುದು. ಎಡಬಲಗಳ ವಾಲು ಮೂರನೆಯದು.

ಇವು ಸೂಕ್ಷ್ಮದ ಮಾತುಗಳೆಂದು ತಳ್ಳಿಹಾಕುವವರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಲಿ. ಹಿಂದಿನ ಗುರಿಕಂಡಿಗೂ ನಳಿಗೆಯ ತುದಿಯ ಗುರಿಮೊನೆಗೂ ನಡುವೆ ಅರ್ಧ ಮೀಟರು ಅಂತರವಿದೆಯೆಂದು ಇಟ್ಟುಕೊಳ್ಳೋಣ. ಕಣ್ಣು ಸರಿಯಾದ ತಾಣದಲ್ಲಿಲ್ಲದ ಕಾರಣ ಈ ಎರಡರ ಹೊಂದಿಕೆಯಲ್ಲಿ ಒಂದೇ ಒಂದು ಮಿಲಿಮೀಟರು ತಪ್ಪಿತೆನ್ನೋಣ. 25 ಮೀಟರು ದೂರದ ಹಲಗೆಯಲ್ಲಿ ಆ ತಪ್ಪು 50 ಮಿಲಿಮೀಟರಾಗಿ ಬೆಳೆಯುವುದು. 50 ಮೀಟರಿನಲ್ಲಿ 100. ಪ್ರತಿ ಸಲವೂ ಒಂದೇ ಕಡೆಗೆ ತಪ್ಪಿದರೆ ಗುರಿಯನ್ನು ತಿದ್ದಿಕೊಳ್ಳಬಹುದು. ಆದರೆ ಕೆನ್ನೆಗೆ ನೆಲೆಯಿಲ್ಲದವನ ಕಣ್ಣು ಪ್ರತಿ ಗುಂಡಿಗೂ ಹೊಸ ಜಾಗದಲ್ಲಿ ನಿಲ್ಲುತ್ತದೆಯಾದ್ದರಿಂದ ಅವನ ಗುಂಡುಗಳು ಹಲಗೆಯ ಮೇಲೆಲ್ಲ ಚೆದರುವುವು. ನೋಡಿದವರು ಇದನ್ನು ಕೈನಡುಕವೆಂದು ಬರೆದುಕೊಳ್ಳುವರು.

“ಸಿಪಾಯಿಯು ಬಂದೂಕಿಗೆ ಒಗ್ಗಬೇಕು, ಬಂದೂಕು ಸಿಪಾಯಿಗೆ ಒಗ್ಗಬೇಕೆನ್ನುವುದು ಅರಮನೆಯ ಬೇಟೆಗಾರರ ಶೋಕಿ” ಎಂದು ಕೆಲವರು ವಾದಿಸುತ್ತಾರೆ. ರಣರಂಗದಲ್ಲಿ ದೊರೆತ ಆಯುಧದಿಂದಲೇ ಕಾದಬೇಕೆಂಬುದು ದಿಟ. ಆದರೆ ಕಲಿಯುವ ಕಾಲಕ್ಕೂ ಈ ನಿಯಮವನ್ನು ಹೇರುವುದು ಯುಕ್ತವಲ್ಲ. ಕಾಸಿಗೆ ಕಾಸು ಎಣಿಸುತ್ತಿದ್ದ ಬ್ರಿಟಿಷ್ ಸೈನ್ಯವೂ ತನ್ನ ಲೀ-ಎನ್‌ಫೀಲ್ಡ್ ಬಂದೂಕಿಗೆ ಗಿಡ್ಡ, ಸಾಧಾರಣ, ಉದ್ದ ಎಂದು ಮೂರು ಅಳತೆಯ ಬಟ್ಟುಗಳನ್ನು ಮಾಡಿಸಿ, ಆಳಿನ ಮೈ ನೋಡಿ ಜೋಡಿಸುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇನ್ನೂ ಗಿಡ್ಡವಾದ ನಾಲ್ಕನೆಯದೊಂದನ್ನೂ ಸೇರಿಸಿತು. ನಮ್ಮ ಸೈನ್ಯಕ್ಕಾಗಿ ಇಂದು ಕೊರವಾದಲ್ಲಿ ತಯಾರಾಗುತ್ತಿರುವ ಎ.ಕೆ. 203 ಬಂದೂಕಿನ ಬಟ್ಟನ್ನು ಹಿಂದೆ ಮುಂದೆ ಸರಿಸಿ ಉದ್ದವನ್ನು ಹೊಂದಿಸಿಕೊಳ್ಳಬಹುದು. ಸೈನ್ಯವೇ ಒಪ್ಪಿರುವ ತತ್ತ್ವವನ್ನು ಶಾಲೆಯ ಮೈದಾನದಲ್ಲಿ ಶೋಕಿಯೆನ್ನುವುದು ಹೇಗೆ?

ಕ್ರೀಡೆಯ ಕಡೆಗೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 10 ಮೀಟರು ದೂರದ ಗಾಳಿ ಬಂದೂಕಿನ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಕೇವಲ ಅರ್ಧ ಮಿಲಿಮೀಟರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಇದರಲ್ಲಿಯೇ ಚಿನ್ನವನ್ನು ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು 50 ಮೀಟರಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಪಡೆದರು. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಆ ಸ್ಪರ್ಧೆಯಲ್ಲಿ ಭಂಗಿ ಬದಲಾದಂತೆ ಬಟ್ಟಿನ ತುದಿಯನ್ನೂ ಕೆನ್ನೆಯ ಆಸರೆಯನ್ನೂ ತಿರುಪುಗಳಿಂದ ಬದಲಾಯಿಸಿಕೊಳ್ಳುತ್ತಾರೆ. ಒಬ್ಬನೇ ಆಳಿಗೆ ಮೂರು ಭಂಗಿಗೆ ಮೂರು ಹೊಂದಿಕೆ ಬೇಕಾಗಿರುವಾಗ, ಮೂವತ್ತು ಮಕ್ಕಳಿಗೆ ಒಂದೇ ಹೊಂದಿಕೆ ಸಾಕೆಂಬುದು ತರ್ಕಕ್ಕೆ ನಿಲ್ಲದು.

ಬೆಲೆಬಾಳುವ ಸ್ಪರ್ಧೆಯ ಬಂದೂಕುಗಳನ್ನು ಊರೂರಿಗೂ ತರಿಸಿಕೊಡಿರೆಂದು ನಾವು ಕೇಳುತ್ತಿಲ್ಲ. ನಮ್ಮ ಒಕ್ಕಲಿಗನು ನೇಗಿಲ ಮೇಟಿಯನ್ನು ತನ್ನ ಸೊಂಟದ ಎತ್ತರಕ್ಕೆ ಮಾಡಿಸಿಕೊಳ್ಳುವನು. ಬಡಿಗನು ಕೇಳದೆ ಇದ್ದರೂ ತಾನಾಗಿ ಅಳೆದು ಕೊಡುವನು. ಇಲ್ಲಿ ಬೇಕಾಗಿರುವುದು ಆ ಬಡಿಗನ ವಿವೇಕವಷ್ಟೆ. ಬಟ್ಟಿನ ತುದಿಗೆ ಜೋಡಿಸಿ ತೆಗೆಯಬಹುದಾದ ಮರದ ಅಥವಾ ರಬ್ಬರಿನ ಬಿಲ್ಲೆಗಳು, ಕೆನ್ನೆಯ ಅಂಚಿಗೆ ಕಟ್ಟುವ ತೊಗಲಿನ ಮೆತ್ತೆ, ದೊರೆಯುವಲ್ಲಿ ಗಿಡ್ಡ ಬಟ್ಟಿನ ಒಂದೆರಡು ಬಂದೂಕುಗಳು ಇಷ್ಟಿದ್ದರೆ ಬಹಳಷ್ಟು ಮಕ್ಕಳ ತೊಡಕು ಬಗೆಹರಿಯುವುದು. ಸರಕಾರಿ ಬಂದೂಕಿನ ಮರವನ್ನು ತೋಚಿದಂತೆ ಕೊಯ್ಯುವುದಾಗಲಿ ಕೊರೆಯುವುದಾಗಲಿ ಕೂಡದು. ಆ ಕೆಲಸ ಇಲಾಖೆಯ ಆಯುಧಗಾರನದು. ಮೆತ್ತೆಯು ಬೋಲ್ಟಿನ ಹಿನ್ನಡೆಗೆ ಅಡ್ಡಬಾರದಂತೆ ನೋಡಿಕೊಳ್ಳಬೇಕು.

ಅಳೆಯುವ ಕ್ರಮವೂ ಸುಲಭವಾದುದೇ. ಅಧಿಕಾರಿಯ ಸಮಕ್ಷಮದಲ್ಲಿ ಬಂದೂಕು ಬರಿದಾಗಿದೆಯೆಂದು ಎರಡು ಸಲ ನೋಡಿ ಖಾತರಿಪಡಿಸಿಕೊಂಡ ಮೇಲೆ, ಮೊಳಕೈಯನ್ನು ಮಡಿಸಿ ಬಟ್ಟನ್ನು ಮಡಿಕೆಗೆ ತಾಗಿಸಿದರೆ ತೋರುಬೆರಳು ಕುದುರೆಯನ್ನು ಸಲೀಸಾಗಿ ಮುಟ್ಟುವುದೊ ಇಲ್ಲವೊ ನೋಡಬೇಕು. ಇದು ಸ್ಥೂಲವಾದ ಅಳತೆ. ನಿಜವಾದ ಪರೀಕ್ಷೆ ನಡೆಯುವುದು ಗುಂಡು ಹೊಡೆಯುವ ಭಂಗಿಯಲ್ಲಿ. ಕಣ್ಣು ಮುಚ್ಚಿ, ಬಟ್ಟನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಸಹಜವಾಗಿ ಒರಗಿಸಿ ಕಣ್ಣು ತೆರೆದಾಗ ಗುರಿಮೊನೆಯು ಕಂಡಿಯ ನಡುವೆ ತಾನಾಗಿ ಕಾಣಿಸಬೇಕು. ಕತ್ತನ್ನು ನೀಡಿಯೊ ಕುಗ್ಗಿಸಿಯೊ ಹುಡುಕಬೇಕಾಗಿ ಬಂದರೆ ಹೊಂದಿಕೆ ತಪ್ಪಿದೆಯೆಂದೇ ಅರ್ಥ. ಬಲಗೈಯವರಲ್ಲಿಯೂ ಕೆಲವರಿಗೆ ಎಡಗಣ್ಣು ಪ್ರಬಲವಾಗಿರುವುದುಂಟು. ಅದನ್ನೂ ಮೊದಲೇ ಪರೀಕ್ಷಿಸತಕ್ಕದ್ದು. ಪ್ರತಿಯೊಬ್ಬನ ಅಳತೆಯನ್ನು ಹಾಜರಿ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದಿನ ಅಭ್ಯಾಸದ ದಿನ ಮತ್ತೆ ಅಳೆಯುವ ಶ್ರಮ ತಪ್ಪುವುದು. ಬೆಳೆಯುವ ವಯಸ್ಸಿನ ಮಕ್ಕಳಾದ್ದರಿಂದ ವರ್ಷಕ್ಕೊಮ್ಮೆ ಹೊಸದಾಗಿ ಅಳೆಯುವುದು ಮೇಲು.

ಹೊಂದಿಕೆಯಿಂದಲೇ ಎಲ್ಲವೂ ಸಿದ್ಧಿಸುವುದೆಂದು ನಮ್ಮ ಅಭಿಪ್ರಾಯವಲ್ಲ. ಉಸಿರಿನ ಹಿಡಿತ, ಕುದುರೆಯನ್ನು ಜಗ್ಗದೆ ಮೆಲ್ಲನೆ ಒತ್ತುವ ಅಭ್ಯಾಸ, ತಾಳ್ಮೆ ಇವುಗಳಿಗೆ ಬದಲಿಲ್ಲ. ಆದರೆ ಹೊಂದದ ಬಂದೂಕಿನಲ್ಲಿ ಮಾಡಿದ ಅಭ್ಯಾಸವು ತಪ್ಪನ್ನೇ ರೂಢಿಮಾಡಿಸುತ್ತದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಚಾಳಿ ಒಮ್ಮೆ ಹತ್ತಿದರೆ ಬಿಡಿಸುವುದು ಪ್ರಯಾಸದ ಕೆಲಸ. ಶಿಬಿರದಲ್ಲಿ ಒಬ್ಬೊಬ್ಬರಿಗೆ ದೊರೆಯುವ ಗುಂಡುಗಳು ಎಣಿಕೆಯವು. ಅವುಗಳಲ್ಲಿ ಅರ್ಧವನ್ನು ಬಂದೂಕಿನೊಡನೆ ಹೆಣಗಾಡುವುದರಲ್ಲಿ ಕಳೆದವನಿಗೆ ಕಲಿಯಲು ಉಳಿಯುವುದೆಷ್ಟು? ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಗಿಡ್ಡ ಮೈಕಟ್ಟಿನ ಬಾಲಕರ ಮೇಲೆ, ಬಾಲಿಕೆಯರ ಮೇಲೆ, ಊಟ ಸಾಲದೆ ಮೈ ತುಂಬದ ಬಡವರ ಮಕ್ಕಳ ಮೇಲೆ. ಅವರು ಮೊದಲ ದಿನದ ಅಂಕದಿಂದಲೇ ಪಂಕ್ತಿಯಿಂದ ಹೊರಗಾಗುತ್ತಾರೆ. ತಾವು ಅಯೋಗ್ಯರೆಂದು ನಂಬಿಕೊಂಡು ಮನೆಗೆ ಮರಳುತ್ತಾರೆ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿದ್ದ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ ಜಗತ್ಪ್ರಸಿದ್ಧವಾಯಿತು. ಆಯುಧದ ಜಯವನ್ನು ತ್ಯಜಿಸಿದ ಚಕ್ರವರ್ತಿಯ ಶಾಸನವಿರುವ ಊರಿನಲ್ಲಿ ಬಂದೂಕಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಹಲಗೆಗೆ ಗುರಿಯಿಡುವ ವಿದ್ಯೆ ಹಿಂಸೆಯಲ್ಲ. ಶಿಸ್ತಿಲ್ಲದ ಕೈಯಲ್ಲಿರುವ ಬಂದೂಕೇ ಅಪಾಯಕರ. ಅದಲ್ಲದೆ, ಪರಮಪದವು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಪ್ರಯತ್ನಿಸಿದರೆ ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದೇ ಆ ಶಾಸನದ ಅಭಿಪ್ರಾಯ. ಅಲ್ಲಿ ಹೇಳಿರುವುದು ಧರ್ಮದ ವಿಷಯ. ಆದರೂ ಸಣ್ಣವರಿಗೂ ಎಟುಕುವಂತೆ ಏರ್ಪಾಡು ಮಾಡಬೇಕೆಂಬ ನೀತಿ ರಾಜ್ಯದ ಎಲ್ಲ ಕಾರ್ಯಗಳಿಗೂ ಸಲ್ಲುವಂಥದು.

ಆದಕಾರಣ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶಾಲಾ ಕಾಲೇಜುಗಳ ಮುಖ್ಯೋಪಾಧ್ಯಾಯರನ್ನೂ, ಎನ್.ಸಿ.ಸಿ. ಅಧಿಕಾರಿಗಳನ್ನೂ, ಪೋಲೀಸು ತರಬೇತಿಯನ್ನು ನಡೆಸುವ ಮಹನೀಯರನ್ನೂ ನಾವು ಕೇಳಿಕೊಳ್ಳುವುದಿಷ್ಟೆ: ಮುಂದಿನ ಗುಂಡಿನ ಅಭ್ಯಾಸಕ್ಕೆ ಮುಂಚೆ ಅರ್ಧ ದಿನವನ್ನು ಅಳತೆಗಾಗಿ ಮೀಸಲಿಡಿರಿ. ಗುರಿ ತಪ್ಪಿದ ಪ್ರತಿಯೊಬ್ಬರಿಗೂ ಹೊಂದಿಕೆ ಮಾಡಿದ ಬಂದೂಕಿನಲ್ಲಿ ಇನ್ನೊಂದು ಅವಕಾಶವನ್ನು ಕೊಡಿರಿ. ಅನಂತರವೂ ತಪ್ಪಿದರೆ ಆಗ ಬೇಕಾದರೆ ತೀರ್ಪು ಬರೆಯಿರಿ. ಈ ಕೆಲಸಕ್ಕೆ ತಗಲುವ ವೆಚ್ಚ ಕೆಲವು ಬಿಲ್ಲೆಗಳದು, ಒಂದು ಅಳತೆಪಟ್ಟಿಯದು. ಇದರಿಂದ ಉಳಿಯುವುದು ಈ ಸೀಮೆಯ ಮಕ್ಕಳ ಭವಿಷ್ಯ.