ಗಿಳಿಪಾಠದ ಇಂಗ್ಲಿಷು ಕೈ ಕೊಟ್ಟೀತು!

ಹಾರೂಗೇರಿ: ಪರೀಕ್ಷೆ ಹತ್ತಿರ ಬಂತೆಂದರೆ ಹುಡುಗರ ಬಾಯಲ್ಲಿ ಗೈಡಿನ ಇಂಗ್ಲಿಷ್ ನುಡಿಗಟ್ಟುಗಳದೇ ಜಪ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅಂದರೆ ಜೋರು ಮಳೆ, 'ಕಿಕ್ ದ ಬಕೆಟ್' ಅಂದರೆ ಸಾಯೋದು. ಬಾಯಿಪಾಠ ಪಕ್ಕಾ! ಎಲ್ಲಿ, ಯಾರ ಮುಂದೆ ಆಡಬೇಕೆಂದು ಕೇಳಿದರೆ ಮಾತ್ರ ಮೌನ.

'ಕಿಕ್ ದ ಬಕೆಟ್' ಹಗುರ ಮಾತು. ನಮ್ಮಲ್ಲಿ 'ಗೊಟಕ್ ಅಂದ' ಅಂತಾರಲ್ಲ, ಹಾಗೆ. ಸತ್ತವರ ಮನೆಗೆ ಹೋಗಿ ಅದನ್ನು ಆಡಿದರೆ ಗತಿಯೇನು? ಗೈಡು ಅರ್ಥ ಕೊಟ್ಟಿತು, ಮರ್ಯಾದೆ ಕಲಿಸಲಿಲ್ಲ.

ಶಬ್ದಕ್ಕೆ ಶಬ್ದ ಜೋಡಿಸಿದರಂತೂ ಅನರ್ಥವೇ. 'ಗಿವ್ ಎ ಹ್ಯಾಂಡ್' ಅಂದರೆ ನೆರವಾಗು. ನಮ್ಮಲ್ಲಿ 'ಕೈ ಕೊಟ್ಟ' ಅಂದರೆ ನಂಬಿಸಿ ಮೋಸ ಮಾಡಿದ! 'ಪುಲ್ಲಿಂಗ್ ಹಿಸ್ ಲೆಗ್' ಬರೀ ಚೇಷ್ಟೆ. ನಮ್ಮಲ್ಲಿ ಕಾಲೆಳೆಯೋದೆಂದರೆ ಮೇಲೇರುವವನನ್ನು ಕೆಡವೋದೂ ಹೌದು.

ಹಾಗಾದರೆ ಕಲಿಯೋದು ಹೇಗೆ? ದಾರಿ ಮನೆಯಲ್ಲೇ ಇದೆ. 'ಒನ್ಸ್ ಇನ್ ಎ ಬ್ಲೂ ಮೂನ್' ಓದಿ ನೀಲಿ ಚಂದ್ರನನ್ನು ಹುಡುಕಬೇಕಿಲ್ಲ. 'ಹುಣ್ಣಿವಿಗೊಮ್ಮೆ ಅಮಾಸಿಗೊಮ್ಮೆ ಬರ್ತಾನ ನೋಡ್ರಿ' ಎಂದು ಅವ್ವ ಅಂದಾಗ ಅದೇ ಭಾವ. 'ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಒಯ್ದಂತೆ' ಎಂಬ ಮಾತೂ ಇದೆ. ಹಿಂದೆ ಇಂಗ್ಲೆಂಡಿನ ಆ ಊರಿನಿಂದಲೇ ಲಂಡನ್ನಿಗೆ ಹಡಗುಗಟ್ಟಲೆ ಕಲ್ಲಿದ್ದಲು ಹೋಗುತ್ತಿತ್ತು. 'ಹಾರೂಗೇರಿ ಬೀಗರ ಮನೀಗೆ ಕಬ್ಬು ಹೊತ್ತೊಯ್ದಂಗ' ಅಂದು ನೋಡಿ, ಹಿಂದಿನ ಬೆಂಚಿನ ಹುಡುಗನೂ ನಗುತ್ತಾನೆ, ಮರೆಯೋದಿಲ್ಲ!

ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರಿಗೆ ಈ ಗುಟ್ಟು ಗೊತ್ತಿತ್ತು. 1894ರಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಶಬ್ದಗಳ ಜತೆ ನಮ್ಮ ಗಾದೆಗಳೂ ಇವೆ. ಜನ ಆಡುವ ಬಗೆ ತಿಳಿಯದೆ ಬರೀ ಶಬ್ದ ಕಲಿತು ಪ್ರಯೋಜನವೇನು?

ರಾಜ್ಯದ ಸರಕಾರಿ ಶಾಲೆಗಳಿಗೆ 2007ರಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂತು. ಆದರೂ ರೈತನ ಮಗ ಬೆಳಗಾವಿಯಲ್ಲೋ ಪುಣೆಯಲ್ಲೋ ಸಂದರ್ಶನಕ್ಕೆ ಕೂತರೆ ನಾಲಿಗೆ ಏಳೋದಿಲ್ಲ. ಬುದ್ಧಿ ಕಮ್ಮಿಯಲ್ಲ, ತಪ್ಪಾಡಿ ನಗೆಪಾಟಲಾದೇನೆಂಬ ಅಂಜಿಕೆ. ಆ ಅಂಜಿಕೆಗೆ ನೌಕರಿಯೇ ತಪ್ಪಿದರೆ ಗೈಡು ಬರೆದವರು ಕಟ್ಟಿಕೊಡುತ್ತಾರೆಯೇ?

ವಾರಕ್ಕೈದು ನುಡಿಗಟ್ಟು ಸಾಕು. ಪ್ರತಿಯೊಂದಕ್ಕೂ ಮನೆಯ ಹಿರಿಯರನ್ನು ಕೇಳಿ ಸಮನಾದ ಮಾತು ಬರೆದು ತರಲಿ, ತರಗತಿಯಲ್ಲಿ ಎದ್ದು ನಿಂತು ಎರಡನ್ನೂ ಆಡಲಿ. ಇದಕ್ಕೆ ಅನುದಾನ ಬೇಡ, ಆದೇಶ ಬೇಡ. ಶಿಕ್ಷಕ ಮಹಾಶಯರೂ ಟ್ಯೂಶನ್ನಿನವರೂ ಗೈಡು ಮುಚ್ಚಿ ಇತ್ತ ಗಮನ ಹರಿಸುವರೇ?