ಕಲ್ಯಾಣ-ಹುಮನಾಬಾದ್ ಪ್ರವಾಸೋದ್ಯಮ: ಕಾಲುದಾರಿಯಿಂದ ಆರಂಭಿಸೋಣ

ಪ್ರವಾಸೋದ್ಯಮವೆಂದೊಡನೆ ನಮ್ಮ ಭಾಗದ ವರ್ತಕ ಬಾಂಧವರ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಕಟ್ಟಡ, ದೊಡ್ಡ ಪ್ರತಿಮೆ, ದೊಡ್ಡ ಅನುದಾನ. ಬಸವಕಲ್ಯಾಣಕ್ಕೆ ಇವು ಬಂದಿರುವುದೂ ನಿಜ. 2012ರಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಲೆಕ್ಕಪರಿಶೋಧಕನು ಕೇಳಬೇಕಾದ ಪ್ರಶ್ನೆ ಬೇರೆ. ಬಂದ ಯಾತ್ರಿಕನು ಇಲ್ಲಿ ಎಷ್ಟು ರಾತ್ರಿ ತಂಗುತ್ತಾನೆ? ಬಸ್ಸಿನಿಂದಿಳಿದು, ಕೋಟೆ ನೋಡಿ, ಸಂಜೆಯೊಳಗೆ ಬೀದರಿಗೋ ಕಲಬುರಗಿಗೋ ಹೊರಟುಹೋಗುವವನಿಂದ ನಮ್ಮ ಪೇಟೆಗೆ ದಕ್ಕುವುದು ಒಂದು ಚಹಾ, ಒಂದು ನೀರಿನ ಬಾಟಲಿಯ ವ್ಯಾಪಾರ ಮಾತ್ರ.

ಅವನು ನಿಲ್ಲದಿರುವುದಕ್ಕೆ ನೋಡತಕ್ಕದ್ದು ಕಡಿಮೆಯೆಂಬುದು ಕಾರಣವಲ್ಲ. ಕೋಟೆ, ಬಸವೇಶ್ವರ ದೇವಾಲಯ, ಪರುಷಕಟ್ಟೆ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ ಇವೆಲ್ಲ ಊರಲ್ಲೇ ಇವೆ. ಊರ ಹೊರಗೆ ನಾರಾಯಣಪುರದ ಚಾಲುಕ್ಯ ಶಿವಾಲಯ. ಹುಮನಾಬಾದಿನ ಕಡೆಗೆ ವೀರಭದ್ರೇಶ್ವರ, ಮಾಣಿಕನಗರ, ಮತ್ತು ಅಲ್ಲಿಂದ ಸೈಕಲ್ಲಿನಲ್ಲಿ ಒಂದು ತಾಸಿನ ದಾರಿಯ ಜಲಸಂಗಿ. ಜಲಸಂಗಿಯ ಕಲ್ಮೇಶ್ವರ ದೇವಾಲಯದ ಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳೊಬ್ಬಳನ್ನೇ ನೋಡಲು ದೂರದಿಂದ ಬರುವವರಿದ್ದಾರೆ. ಪ್ರಾಸಂಗಿಕವಾಗಿ ಒಂದು ಮಾತು: ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ನಮ್ಮ ವ್ಯಾಪಾರಿಗಳಲ್ಲಿ ಎಷ್ಟು ಮಂದಿಗೆ, ಆ ನ್ಯಾಯದ ಮೂಲವಾದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರನು ಇದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಬರೆದನೆಂಬುದು ತಿಳಿದಿದೆ?

ಕೊರತೆಯಿರುವುದು ಇವನ್ನು ಜೋಡಿಸುವ ದಾರಿಯಲ್ಲಿ. ನಡೆದು ಹೋಗುವವನಿಗೂ ಸೈಕಲ್ ತುಳಿಯುವವನಿಗೂ ಇಂದು ಉಳಿದಿರುವುದು ವಾಹನಗಳ ನಡುವಿನ ಡಾಂಬರು ಅಂಚು. ನಡೆಯುವವರೇ ಇಲ್ಲವೆಂದು ಯಾರಾದರೂ ವಾದಿಸುವುದಾದರೆ, ನವರಾತ್ರಿಯಿಂದ ಸೀಗಿ ಹುಣ್ಣಿಮೆಯವರೆಗೆ ಪುಣೆ-ಹೈದರಾಬಾದ್ ಹೆದ್ದಾರಿಯನ್ನೊಮ್ಮೆ ನೋಡಲಿ. ತುಳಜಾಪುರದ ಅಂಬಾಭವಾನಿಗೆ ಹೆಂಗಸರು, ಮಕ್ಕಳು, ವೃದ್ಧರು ರಾತ್ರಿಯೆಲ್ಲ ನಡೆಯುತ್ತಾರೆ. ಪಕ್ಕದಲ್ಲೇ ಲಾರಿಗಳು ಧಾವಿಸುತ್ತಿರುತ್ತವೆ. ಈ ಜನರ ಪ್ರಾಣ ನಿಂತಿರುವುದು ಚಾಲಕನ ಎಚ್ಚರದ ಮೇಲೆ. ಪ್ರವಾಸೋದ್ಯಮದ ಮಾತು ಹಾಗಿರಲಿ, ಇದೊಂದೇ ಕಾರಣಕ್ಕೆ ಹೆದ್ದಾರಿಯ ಬದಿಗೆ ಪ್ರತ್ಯೇಕ ಪಾದಚಾರಿ ಪಥ ಆಗಲೇಬೇಕಾಗಿದೆ.

ಪಟ್ಟಣದೊಳಗಿನ ಸ್ಥಿತಿಗೆ ನಾವೂ ಹೊಣೆಗಾರರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರತಕ್ಕದ್ದು. ಕಾಲುದಾರಿಯು ಪಾದಚಾರಿಯ ಸಂವಿಧಾನದತ್ತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ. ನಮ್ಮ ಅಂಗಡಿಗಳ ಮೆಟ್ಟಿಲು, ನಾಮಫಲಕ, ಹೊರಗಿಟ್ಟ ಮಾಲು ಆ 1.8 ಮೀಟರಿನಲ್ಲಿ ಎಷ್ಟನ್ನು ನುಂಗಿವೆಯೆಂದು ಅಳೆಯಲು ಎಂಜಿನಿಯರ್ ಬೇಕಿಲ್ಲ. ತೆರವಿನ ಮಾತು ಬಂದಾಗಲೆಲ್ಲ ನಾವು ತಳ್ಳುಗಾಡಿಯವನತ್ತ ಬೆರಳು ತೋರಿಸುತ್ತೇವೆ. ಅವನಿಗಾದರೋ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ರಕ್ಷಣೆಯಿದೆ. ನಮ್ಮ ಮೆಟ್ಟಿಲಿಗೆ ಯಾವ ಕಾಯಿದೆಯ ರಕ್ಷಣೆಯೂ ಇಲ್ಲ.

ಹಳ್ಳಿಗಳ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಹೊಸದಾಗಿ ಭೂಸ್ವಾಧೀನ ಮಾಡಬೇಕಾದುದು ಬಹಳವಿಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳು ಗೆರೆಗೆರೆಯಾಗಿ ಗುರುತಾಗಿವೆ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ‘ಬಿ’ ಖರಾಬು ಜಮೀನು ಪಹಣಿಯಲ್ಲಿದೆ. ವರ್ಷ ವರ್ಷವೂ ನೇಗಿಲು ಒಂದೊಂದು ಗೇಣು ಒಳಗೆ ಸರಿದು ಈ ದಾರಿಗಳು ಸವೆದಿವೆ. ತಹಶೀಲ್ದಾರರು ಅಳತೆ ಮಾಡಿಸಿ ಬಿಡಿಸಿದರೆ ರೈತನಿಗೂ ಹೊಲಕ್ಕೆ ಹೋಗುವ ದಾರಿ, ಶಾಲೆಯ ಮಕ್ಕಳಿಗೂ ಸೈಕಲ್ ದಾರಿ. ಎರೆಮಣ್ಣಿನ ಕಡೆ ಮಳೆಗಾಲದಲ್ಲಿ ಚಕ್ರ ಹೂತುಹೋಗುವುದರಿಂದ ಮೊರಂ ಹಾಸಿ ಗಟ್ಟಿಮಾಡುವುದು ಅನಿವಾರ್ಯ. ಬದಿಗೆ ಬೇವಿನ ಗಿಡ, ಅಲ್ಲಲ್ಲಿ ಕುಡಿಯುವ ನೀರು, ಕನ್ನಡ, ಮರಾಠಿ, ತೆಲುಗಿನಲ್ಲಿ ದಾರಿಫಲಕ ಸಾಕು. ಬೇಸಿಗೆಯಲ್ಲಿ ಯಾರೂ ನಡೆಯಲಾರರು. ಹಂಗಾಮು ಅಕ್ಟೋಬರಿನಿಂದ ಫೆಬ್ರವರಿ. ಡಿಸೆಂಬರಿನ ಆಸುಪಾಸು ಮಾಣಿಕನಗರದ ದತ್ತ ಜಯಂತಿ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಇದೇ ಅವಧಿಯಲ್ಲಿ ಬರುತ್ತವೆ.

ಮೊದಲ ದಾರಿ ಯಾವುದಾಗಬೇಕೆಂದು ಚರಿತ್ರೆಯೇ ಸೂಚಿಸುತ್ತದೆ. ಮಾಣಿಕಪ್ರಭುಗಳು 1817ರಲ್ಲಿ ಜನಿಸಿದ್ದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ, ನೆಲೆಸಿದ್ದು ಹುಮನಾಬಾದಿನ ಬಳಿ. ಲಾಡವಂತಿ, ಕಲ್ಯಾಣ, ಮಾಣಿಕನಗರ, ಕೊನೆಗೆ ಜಲಸಂಗಿ ಎಂಬ ಈ ದಾರಿಯು ಶರಣರ ಭಕ್ತನಿಗೂ ದತ್ತ ಸಂಪ್ರದಾಯದವನಿಗೂ ಶಿಲ್ಪಪ್ರಿಯನಿಗೂ ಒಪ್ಪುವಂಥದು. ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯಲ್ಲಿ ಕೊನೆಯ 100 ಕಿ.ಮೀ. ನಡೆದವರಿಗೆ, ಅಥವಾ 200 ಕಿ.ಮೀ. ಸೈಕಲ್ ತುಳಿದವರಿಗೆ, ಪ್ರಮಾಣಪತ್ರ ಕೊಡುತ್ತಾರೆ. 2024ರಲ್ಲಿ ಅದನ್ನು ಪಡೆದವರು ಸುಮಾರು 5 ಲಕ್ಷ ಮಂದಿ. ದಾರಿಯ ಚರ್ಚು, ವಸತಿಗೃಹ, ಉಪಾಹಾರ ಗೃಹಗಳಲ್ಲಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕೆಂಬುದು ನಿಯಮ. ಆ ಮುದ್ರೆಯೇ ಯಾತ್ರಿಕನನ್ನು ಹಳ್ಳಿಯ ಅಂಗಡಿಗೆ ಕರೆತರುತ್ತದೆ. ಇಂತಹ ಪುಸ್ತಕವನ್ನು ಅಚ್ಚು ಹಾಕಿಸಲು ನಮ್ಮ ಸಂಸ್ಥೆಗೆ ಸರ್ಕಾರದ ಅಪ್ಪಣೆ ಬೇಕೆ?

ತೆರಿಗೆಯೂ ಈಗ ಅನುಕೂಲಕರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ದಿನಕ್ಕೆ 7,500 ರೂ. ಮೀರದ ಕೊಠಡಿಗೂ ಶೇ. 5, ಆದರೆ ಹೂಡುವಳಿ ತೆರಿಗೆ ಜಮೆ ಸಿಗದು. ಎರಡು ಕೊಠಡಿ ಕೊಡುವ ಹಳ್ಳಿಯ ಮನೆಯವರು ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯ ಗೋಜಿಗೇ ಹೋಗಬೇಕಿಲ್ಲ.

ನನ್ನ ಆತಂಕವಿರುವುದು ನಿರ್ವಹಣೆಯ ಬಗ್ಗೆ. ಬಂಡವಾಳ ವೆಚ್ಚಕ್ಕೆ ಹಣ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ; ಮೂರನೆಯ ವರ್ಷ ಮುರಿದ ಕಲ್ಲುಹಾಸನ್ನು ಸರಿಪಡಿಸುವ ರಾಜಸ್ವ ವೆಚ್ಚಕ್ಕೆ ಯಾವ ಶೀರ್ಷಿಕೆಯಲ್ಲೂ ಹಣವಿರುವುದಿಲ್ಲ. ಕಂಪನಿ ಕಾಯಿದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕಾರ್ಯಕ್ಕೆ ವ್ಯಯಿಸಬೇಕು. ಪರಂಪರೆಯ ರಕ್ಷಣೆ, ಗ್ರಾಮಾಭಿವೃದ್ಧಿ ಎರಡೂ 7ನೆಯ ಅನುಸೂಚಿಯಲ್ಲಿವೆ. ಈ ಭಾಗದಲ್ಲಿ ವ್ಯವಹರಿಸುವ ಅಂತಹ ಕಂಪನಿಗಳನ್ನು ನಮ್ಮ ಸಂಸ್ಥೆಯೇ ಲಿಖಿತವಾಗಿ ಕೇಳಬೇಕು. ಬಂದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯಿರಲಿ, ಗ್ರಾಮ ಪಂಚಾಯಿತಿಯ ಪ್ರತಿನಿಧಿಯೊಬ್ಬರ ಸಹಿಯಿಲ್ಲದೆ ಚೆಕ್ ಹೊರಡದಿರಲಿ, ಜಮಾ-ಖರ್ಚು ವರ್ಷಕ್ಕೊಮ್ಮೆ ಇದೇ ಪತ್ರಿಕೆಯಲ್ಲಿ ಪ್ರಕಟವಾಗಲಿ. ಅದರ ಲೆಕ್ಕಪರಿಶೋಧನೆಗೆ ನಾನು ಶುಲ್ಕ ಕೇಳುವುದಿಲ್ಲ.