ಹೈಬ್ರಿಡ್ ಕಾರಿಗೆ ಬಾಗಿಲಲ್ಲೇ ಮಣೆ!

ಅಮೆರಿಕದ ಯೂನಿವರ್ಸಿಟಿಗಳಲ್ಲಿ ಪ್ರೊಫೆಸರುಗಳು ದೇವರು ಇದ್ದಾನೋ ಇಲ್ಲವೋ ಅನ್ನೋ ವಿಷಯದಲ್ಲಿ ಬೇಕಾದರೆ ರಾಜಿ ಆದಾರು, ಪಾರ್ಕಿಂಗ್ ವಿಷಯದಲ್ಲಿ ಮಾತ್ರ ಊಹೂಂ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಬಂದವರಿಗೆ ಅಂತಲೇ 'ಎನ್ಎಲ್' ಎಂದು ಬರೆದ ಜಾಗಗಳನ್ನ ಮೀಸಲಿಟ್ಟಿದ್ದಾರೆ. ನನಗೇನೂ ತಕರಾರಿಲ್ಲ. ನೊಬೆಲ್ ತಗೊಂಡವರು ಎಷ್ಟು ಜನ ಇದ್ದಾರು, ಪಾಪ, ನಿಲ್ಲಿಸಿಕೊಳ್ಳಲಿ. ನನ್ನ ತಕರಾರು ಇರೋದು ಹಸಿರು ಬಣ್ಣದ ಇನ್ನೊಂದು ಬೋರ್ಡಿನ ಮೇಲೆ: 'ಹೈಬ್ರಿಡ್ ವಾಹನಗಳಿಗೆ ಮಾತ್ರ'.

ನಾನು ಕೆಲಸ ಮಾಡೋ ಕ್ಯಾಂಪಸ್ಸಿನಲ್ಲಿ (ಹೆಸರು ಬೇಡ ಬಿಡಿ, ಅನ್ನ ಹಾಕೋ ಧಣಿ) ಹೊಸ ಕಟ್ಟಡ ಅಂತ ಈಗಲೂ ಕರೆಸಿಕೊಳ್ಳೋ ಹಳೇ ಕಟ್ಟಡವೊಂದಿದೆ. ಅದರ ಬಾಗಿಲಿಗೆ ಅತಿ ಹತ್ತಿರ ಅಂಗವಿಕಲರ ಜಾಗ, ಅದು ಸರಿ. ಅದರ ಪಕ್ಕದಲ್ಲೇ ಹೈಬ್ರಿಡ್‌ಗೆ ಆರು ಜಾಗ. ಉಳಿದವರೆಲ್ಲ ಆಚೆ.

ಈ ಬೋರ್ಡು ಎಲ್ಲಿಂದ ಬಂತು ಗೊತ್ತೇ? ಯಾರೋ ಪರಿಸರ ಪ್ರೇಮಿ ನಿದ್ದೆಗೆಟ್ಟು ಯೋಚಿಸಿದ್ದಲ್ಲ. ಯು.ಎಸ್. ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನವರು ಕಟ್ಟಡಗಳಿಗೆ 'ಲೀಡ್' ಅಂತ ಒಂದು ಸರ್ಟಿಫಿಕೇಟ್ ಕೊಡ್ತಾರೆ. ಪರೀಕ್ಷೆಯ ಹಾಗೆ ಅಂಕ ಲೆಕ್ಕ. 2009ರ ಆವೃತ್ತಿಯಲ್ಲಿ ಹೊಸ ಕಟ್ಟಡಗಳಿಗೆ ಒಟ್ಟು 110 ಅಂಕ, 40 ಬಂದರೆ ಪಾಸು, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಅದರಲ್ಲಿ ಪಾರ್ಕಿಂಗಿನ ಶೇಕಡಾ 5ರಷ್ಟು ಒಳ್ಳೇ ಜಾಗವನ್ನ ಕಡಿಮೆ ಹೊಗೆಯ, ಕಡಿಮೆ ಇಂಧನದ ವಾಹನಗಳಿಗೆ ಬಿಟ್ಟರೆ 3 ಅಂಕ. ಸೈಕಲ್ ನಿಲ್ಲಿಸೋಕೆ ಜಾಗ, ಬೆವೆತು ಬಂದವರಿಗೆ ಸ್ನಾನಕ್ಕೆ, ಬಟ್ಟೆ ಬದಲಿಸೋಕೆ ಕೋಣೆ ಕಟ್ಟಿದರೆ ಎಷ್ಟು ಅಂತೀರಿ? 1 ಅಂಕ! ನಲ್ಲಿ, ಪೈಪು, ಗಾರೆ ಎಲ್ಲಾ ಹಾಕಿಸಿದರೆ ಒಂದು. ಕಂಬಕ್ಕೆ ತಗಡು ಹೊಡೆದರೆ ಮೂರು. ನೀವು ಕಂಟ್ರಾಕ್ಟರ್ ಆಗಿದ್ದರೆ ಏನು ಮಾಡ್ತಿದ್ರಿ, ನೀವೇ ಹೇಳಿ.

ಇನ್ನೊಂದು ತಮಾಷೆ. ಆ ನಿಯಮ ಕೇಳೋದು ಕಾರು ಹೈಬ್ರಿಡ್ಡಾ ಅಂತ ಅಲ್ಲವೇ ಅಲ್ಲ. ಹೊಗೆಯನ್ನೇ ಉಗುಳದ ಕಾರಾಗಿರಬೇಕು, ಇಲ್ಲಾ ಒಂದು ಸಂಸ್ಥೆ ಪ್ರತಿವರ್ಷ ಕಾರುಗಳಿಗೆ ಕೊಡೋ 'ಗ್ರೀನ್ ಸ್ಕೋರ್' ಕನಿಷ್ಠ 40 ಇರಬೇಕು, ಅಷ್ಟೇ. ಸಣ್ಣ ಪೆಟ್ರೋಲ್ ಕಾರಿಗೂ ಅಷ್ಟು ಬಂದರೆ ಅದಕ್ಕೂ ಹಕ್ಕಿದೆ. ಆದರೆ ಸ್ಕೋರು ಗೀರು ಬೋರ್ಡಿನ ಮೇಲೆ ಬರೆಯೋಕಾಗುತ್ಯೇ? 'ಹೈಬ್ರಿಡ್' ಅಂತ ಗೀಚಿ ಕೈ ತೊಳೆದುಕೊಂಡರು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ನಮ್ಮ ಮಹಡಿ ಗುಡಿಸಿ ಒರೆಸೋಕೆ ಸಂಜೆ ಶಿಫ್ಟಿನಲ್ಲಿ ಮೂರು ಜನ ಹೆಂಗಸರು ಬರ್ತಾರೆ. ಮೂವರೂ ಒಂದೇ ಹಳೇ ಕೊರೊಲ್ಲಾದಲ್ಲಿ. ಅವರ ಪರ್ಮಿಟ್ಟು ಅಗ್ಗದ್ದು, ಹಾಗಾಗಿ ಕಾರು ಸ್ಟೇಡಿಯಂ ಆಚೆಯ ಲಾಟಿನಲ್ಲಿ. ಬರುವಾಗ ಶಟಲ್ ಬಸ್ ಸಿಗುತ್ತೆ, ರಾತ್ರಿ ಕೆಲಸ ಮುಗಿಯೋ ಹೊತ್ತಿಗೆ ಅದು ನಿಂತಿರುತ್ತೆ. ಜನವರಿ ತಿಂಗಳಲ್ಲಿ, ಹಿಮ ಗಟ್ಟಿಯಾಗಿ ಗಾಜಿನ ಹಾಗೆ ಜಾರೋ ದಾರಿಯಲ್ಲಿ, ಇಪ್ಪತ್ತು ನಿಮಿಷ ನಡೀತಾರೆ. ಅವರಲ್ಲಿ ಹಿರಿಯಾಕೆಗೆ ಮಂಡಿ ನೋವು. ಅದೇ ಹೊತ್ತಿಗೆ ಬಾಗಿಲ ಮುಂದಿನ ಆರೂ ಜಾಗ ಖಾಲಿ ಹೊಡೀತಿರುತ್ತೆ. "ಅಲ್ಲೇ ನಿಲ್ಲಿಸಬಾರದೇ, ರಾತ್ರಿ ಯಾರು ನೋಡ್ತಾರೆ?" ಅಂತ ಕೇಳಿದೆ. ಒಮ್ಮೆ ನಿಲ್ಲಿಸಿ ಟಿಕೆಟ್ ತಿಂದಿದ್ದರಂತೆ. ಆ ದಂಡ ಅವರ ಅರ್ಧ ದಿನದ ಕೂಲಿ.

ಲೆಕ್ಕ ಹಾಕೋಣ ಬನ್ನಿ. ಹಳೇ ಕೊರೊಲ್ಲಾ ಗ್ಯಾಲನ್ನಿಗೆ ಸುಮಾರು 30 ಮೈಲಿ. ಮೂರು ಜನ ಕೂತರೆ ಒಂದು ಗ್ಯಾಲನ್ನಿನಲ್ಲಿ ತಲೆಲೆಕ್ಕದ ಪ್ರಯಾಣ 90 ಮೈಲಿ. ಎರಡನೇ ತಲೆಮಾರಿನ ಪ್ರಿಯಸ್, ಅಂದರೆ ಈ ಬೋರ್ಡುಗಳನ್ನ ಬರೆಸಿದ ಕಾಲದ ಹೀರೋ, ಅಮೆರಿಕದ ಸರಕಾರಿ ಲೆಕ್ಕದಲ್ಲಿ ಗ್ಯಾಲನ್ನಿಗೆ 46 ಮೈಲಿ. ಅದರಲ್ಲಿ ಒಬ್ಬರೇ ಪ್ರೊಫೆಸರ್ ಬಂದರೆ 46. ಯಾರು ಹಸಿರು ಸ್ವಾಮೀ ಇಲ್ಲಿ? ಇನ್ನು 2008ರ ಲೆಕ್ಸಸ್ ಎಲ್ಎಸ್ 600ಎಚ್ ಅಂತ ಒಂದಿತ್ತು. ಬೆಲೆ ಲಕ್ಷ ಡಾಲರ್ ಮೇಲೆ, ಮೈಲೇಜು ಊರೊಳಗೆ 20, ಹೈವೇಯಲ್ಲಿ 22. ಅದೂ ಹೈಬ್ರಿಡ್ಡೇ! ನಮ್ಮ ಬೋರ್ಡಿನ ಪ್ರಕಾರ ಅದಕ್ಕೆ ಬಾಗಿಲಲ್ಲಿ ಮಣೆ, ಕೊರೊಲ್ಲಾಕ್ಕೆ ಸ್ಟೇಡಿಯಂ ಹಿಂದಿನ ಕತ್ತಲೆ.

ನಮ್ಮಲ್ಲಿ ಇದಕ್ಕೆ ಪಂಕ್ತಿಭೇದ ಅಂತಾರೆ. ಒಂದೇ ಛತ್ರ, ಒಂದೇ ಅಡುಗೆ, ಆದರೆ ತುಪ್ಪ ಮಾತ್ರ ಆ ಸಾಲಿಗೆ.

"ಹಾಗಲ್ಲ ಮಾರಾಯ, ಇದು ಪ್ರೋತ್ಸಾಹ, ಜನ ಒಳ್ಳೇ ಕಾರು ಕೊಳ್ಳಲಿ ಅಂತ" ಅಂತ ನನ್ನ ಸಹೋದ್ಯೋಗಿ ಗೆಳೆಯನೊಬ್ಬ ವಾದ ಮಾಡಿದ. ಮೂವತ್ತು ಸಾವಿರ ಡಾಲರಿನ ಕಾರನ್ನ ಐವತ್ತು ಹೆಜ್ಜೆ ಉಳಿಯುತ್ತೆ ಅಂತ ಯಾವನಾದ್ರೂ ಕೊಳ್ತಾನಾ? ಪ್ರೋತ್ಸಾಹವನ್ನ ಸರಕಾರ ಆಗಲೇ ಕೊಟ್ಟಿತ್ತು: 2006ರಿಂದ 2010ರವರೆಗೆ ಹೊಸ ಹೈಬ್ರಿಡ್ ಕೊಂಡವರಿಗೆ 3,400 ಡಾಲರ್ ತನಕ ತೆರಿಗೆ ವಿನಾಯ್ತಿ. ಪೆಟ್ರೋಲ್ ಉಳಿತಾಯ ಬೇರೆ. ಉಂಡವರಿಗೇ ಮತ್ತೆ ಎಲೆ ಹಾಕೋದು ಯಾವ ನ್ಯಾಯ?

ಮೀಸಲು ಬೇಡವೇ ಬೇಡ ಅಂತಲ್ಲ ನಾನು ಹೇಳ್ತಿರೋದು. ಗಾಲಿಕುರ್ಚಿಯವರಿಗೆ ಆ ಜಾಗ ಬೇಕು, ಬೇರೆ ದಾರಿಯಿಲ್ಲ. ಎಲೆಕ್ಟ್ರಿಕ್ ಕಾರಿಗೆ ಚಾರ್ಜರ್ ಹತ್ತಿರದ ಜಾಗ ಬೇಕು, ವೈರು ಅಲ್ಲಿಗೇ ಎಟುಕೋದು. ಹೈಬ್ರಿಡ್‌ಗೆ ಏನು ಬೇಕು? ಪೆಟ್ರೋಲ್ ಹಾಕಿಸಿಕೊಂಡು ಓಡೋ ಕಾರು ಅದು, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತೆ. ದೂರ ನಿಲ್ಲಿಸಿದರೆ ಬ್ಯಾಟರಿ ಮುನಿಸಿಕೊಳ್ಳೋದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದೇ ಆಟವನ್ನ ರಸ್ತೆಯ ಮೇಲೆ ಆಡಿದ್ದರು. 2005ರಿಂದ 85,000 ಹೈಬ್ರಿಡ್‌ಗಳಿಗೆ ಹಳದಿ ಸ್ಟಿಕರ್ ಕೊಟ್ಟು, ಒಬ್ಬರೇ ಕೂತಿದ್ದರೂ ಕಾರ್‌ಪೂಲ್ ಲೇನಿನಲ್ಲಿ ಬಿಟ್ಟರು. 2011ರ ಜುಲೈ 1ಕ್ಕೆ ಅದನ್ನ ನಿಲ್ಲಿಸಿಯೂಬಿಟ್ಟರು. ಎಲೆಕ್ಟ್ರಿಕ್ ಕಾರುಗಳಿಗೆ ಕೊಟ್ಟಿದ್ದ ಅದೇ ಸವಲತ್ತೂ 2025ರ ಸೆಪ್ಟೆಂಬರ್ ಕೊನೆಗೆ ಮುಗೀತು. ಅಷ್ಟು ದೊಡ್ಡ ರಾಜ್ಯಕ್ಕೆ ಬೋರ್ಡು ಕಳಚೋಕೆ ಆಗುತ್ತೆ, ನಮ್ಮ ಕ್ಯಾಂಪಸ್ಸಿನ ಆರು ಕಂಬಕ್ಕೆ ಮಾತ್ರ ಆಗೋದಿಲ್ಲ.

ಅಲ್ಲದೆ ಈಗ ಹೈಬ್ರಿಡ್ ಅನ್ನೋದರಲ್ಲಿ ವಿಶೇಷವಾದರೂ ಏನುಳಿದಿದೆ? ಟೊಯೋಟಾ ಸಿಯೆನ್ನಾ 2021ರ ಮಾಡೆಲ್ಲಿನಿಂದ ಅಮೆರಿಕದಲ್ಲಿ ಬರೀ ಹೈಬ್ರಿಡ್ಡೇ, ಕ್ಯಾಮ್ರಿಯೂ 2025ರಿಂದ ಅದೇ ದಾರಿ. (ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬಂದರೆ ಲಾಟ್ ತುಂಬ ಸಿಯೆನ್ನಾ. ಈ ಬೋರ್ಡಿನ ಪ್ರಕಾರ ನಾವೆಲ್ಲ ಪರಿಸರವಾದಿಗಳು!) ಹಾಗಾಗಿ ಇವತ್ತು ಆ ಬೋರ್ಡು ಓದಬೇಕಾದ್ದು ಹೀಗೆ: 'ಇತ್ತೀಚೆಗೆ ಹೊಸ ಕಾರು ಕೊಂಡವರಿಗೆ ಮಾತ್ರ'.

ಹೊಗೆ ಕಡಿಮೆ ಮಾಡೋದೇ ಉದ್ದೇಶ ಆಗಿದ್ದರೆ ದಾರಿಗಳಿಲ್ಲವೇ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲೇ ಯು-ಪಾಸ್ ಅಂತ ಬಸ್ ಪಾಸ್ ಶುರು ಮಾಡಿತು. ಕಾರನ್ನೇ ಮನೆಯಲ್ಲಿ ಬಿಟ್ಟು ಬರೋದಕ್ಕೆ ಕೊಡೋ ಪ್ರೋತ್ಸಾಹ ಅದು. ಅದಕ್ಕೆ ಖರ್ಚಿದೆ, ತಲೆನೋವಿದೆ. ತಗಡಿಗೆ ಎರಡೂ ಇಲ್ಲ.

ನಮ್ಮ ಪಾರ್ಕಿಂಗ್ ಆಫೀಸಿಗೆ ಎರಡು ಸಲ ಬರೆದೆ. ಎರಡನೇ ಸಲ ಉತ್ತರ ಬಂತು: ಆ ಜಾಗಗಳು ಕಟ್ಟಡದ ಸರ್ಟಿಫಿಕೇಟಿಗೆ ಸಂಬಂಧಪಟ್ಟವು, ಬದಲಾಯಿಸೋಕೆ ಆಗೋದಿಲ್ಲ, ನಿಮ್ಮ ಆಸಕ್ತಿಗೆ ವಂದನೆಗಳು. ಸರ್ಟಿಫಿಕೇಟ್ ಲಾಬಿಯ ಗೋಡೆಯ ಮೇಲೆ ಗಾಜಿನ ಫಲಕದಲ್ಲಿ ಹೊಳೀತಾ ಇದೆ. ಅದನ್ನ ದಿನಾ ರಾತ್ರಿ ಒರೆಸೋರೂ ಆ ಮೂವರೇ.

ಸರಿ, ಬೋರ್ಡು ಕೀಳಬೇಡಿ. ಅದರ ಕೆಳಗೆ ಇನ್ನೊಂದು ಸಣ್ಣ ತಗಡು ಹೊಡೀರಿ: ಸಂಜೆ ಐದರ ಮೇಲೆ ಈ ಆರು ಜಾಗ ರಾತ್ರಿ ಶಿಫ್ಟಿನವರಿಗೆ, ಅವರ ಕಾರು ಯಾವುದಾದರೂ ಸರಿ. ಮೂರನೇ ಪತ್ರದಲ್ಲಿ ಇಷ್ಟನ್ನೇ ಬರೆದಿದ್ದೀನಿ. ಈ ಸಲ ನನ್ನ ಜೊತೆ ನಮ್ಮ ಮಹಡಿಯ ಹನ್ನೊಂದು ಜನ ಸಹಿ ಹಾಕಿದ್ದಾರೆ, ಅದರಲ್ಲಿ ನಾಲ್ವರು ಹೈಬ್ರಿಡ್‌ನವರು.